ಗೆದ್ದವರ ವಿನಯ, ಮತದಾರರ ಹಾಜರಿ

(ರಾಷ್ಟ್ರೀಯ ಮತದಾರರ ದಿನಾಚರಣೆಯ ಪ್ರಯುಕ್ತ ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಚಾಮರಾಜನಗರ ಜಿಲ್ಲೆಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಾಠ)



ಜಿಲ್ಲಾ ಸ್ವೀಪ್ ಸಮಿತಿಯವರು ನನಗೆ ವಹಿಸಿರುವ ವಿಷಯ ‘ರಾಜಕಾರಣದಲ್ಲಿ ವಿನಯ ಹಾಗೂ ಮತದಾನದ ಮಹತ್ವ’. ಇವು ಎರಡು ಬೇರೆ ವಿಷಯಗಳೆಂದು ಭಾವಿಸಿ ಮೊದಲರ್ಧದಲ್ಲಿ ಒಂದನ್ನು, ಉಳಿದರ್ಧದಲ್ಲಿ ಇನ್ನೊಂದನ್ನು ಹೇಳಿ ಮುಗಿಸುವುದು ರೂಢಿ. ನನಗೆ ಹಾಗೆ ತೋರುವುದಿಲ್ಲ. ವಿನಯವು ಹುಟ್ಟಿನಿಂದ ಬರುವ ಗುಣವೆಂದು ನಾವು ಹೇಳುತ್ತೇವೆ. ಅಧಿಕಾರದಲ್ಲಿರುವವರ ವಿಷಯದಲ್ಲಿ ಅದು ಮತಗಟ್ಟೆಯ ಮುಂದಿನ ಸಾಲಿನಿಂದ ಹುಟ್ಟುತ್ತದೆ. ಸಾಲು ಉದ್ದವಾದಷ್ಟೂ ಗೆದ್ದವರು ಬಾಗುತ್ತಾರೆ, ಸಾಲು ಕುಗ್ಗಿದಷ್ಟೂ ಸೆಟೆದು ನಿಲ್ಲುತ್ತಾರೆ. ಇದು ಏಕೆ ಹೀಗೆಂಬುದನ್ನು ಲೆಕ್ಕದ ಮೂಲಕವೇ ತೋರಿಸಲು ಯತ್ನಿಸುತ್ತೇನೆ. ನಾನು ಓದಿದ್ದು ಇಂಜಿನಿಯರಿಂಗ್. ಲೆಕ್ಕ ಬಿಟ್ಟರೆ ನನಗೆ ಬೇರೆ ಅಲಂಕಾರ ತಿಳಿಯದು.

ಇದು ಸರ್ಕಾರಿ ವೇದಿಕೆಯಾದ್ದರಿಂದ ಉದಾಹರಣೆಗಳಲ್ಲಿ ಪಕ್ಷಗಳ ಹೆಸರುಗಳನ್ನು ಬೇಕೆಂದೇ ಬಿಡುತ್ತೇನೆ. ಅವು ಯಾವುವೆಂದು ತಮಗೆಲ್ಲರಿಗೂ ಗೊತ್ತು.

ಮತದ ಬೆಲೆಯ ಕುರಿತು ದೇಶದಲ್ಲಿ ಎಲ್ಲಿಯೇ ಭಾಷಣವಾಗಲಿ, ನಮ್ಮ ಜಿಲ್ಲೆಯ ಸಂತೇಮರಹಳ್ಳಿಯ ಹೆಸರು ಬಂದೇ ಬರುತ್ತದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ಅಂತರ ಒಂದೇ ಒಂದು ಮತ. ಸೋತವರ ಕಾರು ಚಾಲಕರಿಗೆ ಅಂದು ಮತಗಟ್ಟೆಗೆ ಹೋಗಿಬರಲು ಬಿಡುವಾಗಲಿಲ್ಲವೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಪ್ರಚಾರದ ಗದ್ದಲದಲ್ಲಿ ಯಾವ ಅಭ್ಯರ್ಥಿಗಾದರೂ ಆಗಬಹುದಾದದ್ದೇ ಅದು. ನೂರಾರು ಹಳ್ಳಿಗಳ ಮತದಾರರನ್ನು ಕೈಮುಗಿದು ಕರೆಯುವಾಗ ಪಕ್ಕದಲ್ಲಿಯೇ ಕುಳಿತವರು ಸಹ ಒಬ್ಬ ಮತದಾರರೆಂಬುದು ಮರೆತುಹೋಗುತ್ತದೆ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದರ ಮುಂದಿನ ಭಾಗವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಒಂದು ಮತದಿಂದ ಗೆದ್ದ ಧ್ರುವನಾರಾಯಣ ಅವರು ಮುಂದೆ 2009 ಮತ್ತು 2014ರಲ್ಲಿ ಚಾಮರಾಜನಗರದ ಲೋಕಸಭಾ ಸದಸ್ಯರಾದರು. 2019ರಲ್ಲಿ ಅದೇ ಕ್ಷೇತ್ರದಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. ಚಲಾವಣೆಯಾದ ಮತಗಳು 12 ಲಕ್ಷಕ್ಕೂ ಹೆಚ್ಚು. ಮತಗಟ್ಟೆಗಳಿಗೆ ಹಂಚಿ ನೋಡಿದರೆ ಗಟ್ಟೆಯೊಂದಕ್ಕೆ ಸರಾಸರಿ ಸುಮಾರು ಒಂದು ಮತದ ವ್ಯತ್ಯಾಸ. ಇತ್ತ ಒಂದು ಮತದಿಂದ ಸೋತ ಕೃಷ್ಣಮೂರ್ತಿ ಅವರು 19 ವರ್ಷಗಳ ನಂತರ, 2023ರಲ್ಲಿ, ಕೊಳ್ಳೇಗಾಲ ಕ್ಷೇತ್ರದಿಂದ 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಸಂತೇಮರಹಳ್ಳಿ ಎಂಬ ಕ್ಷೇತ್ರವೇ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಗಿತ್ತು. ಗೆಲುವನ್ನಾಗಲಿ ಸೋಲನ್ನಾಗಲಿ ಯಾರೂ ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಇ-ಸ್ವತ್ತು ತಂತ್ರಾಂಶದಲ್ಲಿ ಅದಕ್ಕೆ ನಮೂನೆಯೂ ಇಲ್ಲ.

ಇಂತಹ ಫಲಿತಾಂಶ ನಮ್ಮಲ್ಲಿ ಮಾತ್ರವಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿಯವರು ಒಂದು ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳಿಂದ ನಿರ್ಧಾರವಾಯಿತು.

ಆದರೂ ಲೆಕ್ಕದ ವಿದ್ಯಾರ್ಥಿಯಾಗಿ ನಾನು ಪ್ರಾಮಾಣಿಕವಾಗಿ ಒಪ್ಪಬೇಕಾದ ಮಾತೊಂದಿದೆ. ಇವು ಅಪವಾದಗಳು. ಹೆಚ್ಚಿನ ಕ್ಷೇತ್ರಗಳಲ್ಲಿ ಅಂತರವು ಸಾವಿರಗಳಲ್ಲಿರುತ್ತದೆ. ‘ನಾನೊಬ್ಬ ಹೋಗದಿದ್ದರೆ ಏನಾದೀತು?’ ಎಂದು ಕೇಳುವವರಿಗೆ ಸಂತೇಮರಹಳ್ಳಿಯನ್ನು ತೋರಿಸಿದರೆ ಅವರು ನಕ್ಕು, ಅದು ನೂರು ವರ್ಷಕ್ಕೊಮ್ಮೆ ಆಗುವಂಥದ್ದು ಎನ್ನುತ್ತಾರೆ. ಅವರ ಗಣಿತ ತಪ್ಪಲ್ಲ. ಬೆಂಗಳೂರಿನಲ್ಲಿರುವ ನನ್ನ ಸಹಪಾಠಿಗಳ ವಾದವೂ ಇದೇ. ಸಂಭವನೀಯತೆಯನ್ನು ನನಗಿಂತ ಚೆನ್ನಾಗಿ ಓದಿದವರು ಅವರು. ಚುನಾವಣೆಯ ದಿನ ಸಂಬಳಸಹಿತ ರಜೆಯಿರುತ್ತದೆಂಬುದನ್ನು ಸಹ ಅಷ್ಟೇ ಚೆನ್ನಾಗಿ ಬಲ್ಲರು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮತದಾನ ಸುಮಾರು ಶೇಕಡ 53. ಅದೇ ದಿನ ನಮ್ಮ ಚಾಮರಾಜನಗರದಲ್ಲಿ ಶೇಕಡ 76ಕ್ಕೂ ಹೆಚ್ಚು. ಓದು ಹೆಚ್ಚಿದಂತೆ ಮತದಾನ ಹೆಚ್ಚುತ್ತದೆಂಬ ನಂಬಿಕೆಯನ್ನು ನಾವು ಇನ್ನಾದರೂ ಬಿಡಬಹುದು.

ಹಾಗಾದರೆ ಅವರಿಗೆ ಕೊಡಬೇಕಾದ ಉತ್ತರವೇನು? ಮತ ಕೇವಲ ಗೆಲುವು ಸೋಲನ್ನು ತೀರ್ಮಾನಿಸಲು ಇರುವುದಲ್ಲ ಎಂಬುದೇ ಉತ್ತರ. ಎಣಿಕೆ ಮುಗಿದ ಮೇಲೆ ಅಂಕಿಗಳನ್ನು ಓದುವವರಿರುತ್ತಾರೆ. ಮತಗಟ್ಟೆವಾರು ವಿವರ ಎಲ್ಲ ಅಭ್ಯರ್ಥಿಗಳ ಕೈಯಲ್ಲಿಯೂ ಇರುತ್ತದೆ. ಯಾವ ಊರಿನಲ್ಲಿ ಎಷ್ಟು ಮತ ಬಂತು ಎಂಬುದಕ್ಕಿಂತ ಮೊದಲು, ಯಾವ ಊರಿನಲ್ಲಿ ಎಷ್ಟು ಜನ ಬಂದರು ಎಂಬುದು ಆ ಹಾಳೆಯಲ್ಲಿ ಕಾಣುತ್ತದೆ. 800 ಮತದಾರರ ಗಟ್ಟೆಯಲ್ಲಿ 700 ಜನ ಬಂದಿದ್ದರೆ, ಅವರಲ್ಲಿ ಬಹುಪಾಲು ತನಗೆ ವಿರೋಧವಾಗಿ ಹಾಕಿದ್ದರೂ ಆ ಊರನ್ನು ಕಡೆಗಣಿಸಲು ರಾಜಕಾರಣಿಗೆ ಧೈರ್ಯ ಬಾರದು. ಮುಂದಿನ ಸಲ ಅವರಲ್ಲಿ ನೂರು ಜನ ಈ ಕಡೆ ವಾಲಿದರೆ ಸಾಕು ಎಂದು ಆತ ಲೆಕ್ಕ ಹಾಕುತ್ತಾನೆ. ಅದೇ ಗಟ್ಟೆಯಲ್ಲಿ 300 ಜನ ಬಂದಿದ್ದರೆ, ಆ ಊರು ಅವನ ನಕಾಶೆಯಲ್ಲಿ ಮಸುಕಾಗುತ್ತದೆ. ಸೋತ ಅಭ್ಯರ್ಥಿಗೆ ಹಾಕಿದ ಮತವೂ, ‘ನೋಟಾ’ಕ್ಕೆ ಹಾಕಿದ ಮತವೂ ಊರಿನ ಹಾಜರಿಯನ್ನು ಏರಿಸುತ್ತವೆ. ಗೈರುಹಾಜರಾದವರ ಅಸಮಾಧಾನ ಮಾತ್ರ ಯಾವ ಕಾಲಂನಲ್ಲಿಯೂ ದಾಖಲಾಗುವುದಿಲ್ಲ.

ಈಗ ನಮ್ಮದೇ ಮಟ್ಟಕ್ಕೆ ಬರೋಣ. ಒಬ್ಬರೇ ಸದಸ್ಯರಿರುವ ವಾರ್ಡೊಂದನ್ನು ಊಹಿಸಿಕೊಳ್ಳಿ. 300 ಮತದಾರರು, ಕಣದಲ್ಲಿ ನಾಲ್ವರು. 180 ಜನ ಮತ ಹಾಕುತ್ತಾರೆ. 65 ಮತ ಪಡೆದವರು ಗೆಲ್ಲುತ್ತಾರೆ. ಮೆರವಣಿಗೆಯಾಗುತ್ತದೆ, ಪಟಾಕಿ ಸಿಡಿಯುತ್ತದೆ, ‘ಜನ ನನ್ನನ್ನು ಆರಿಸಿದ್ದಾರೆ’ ಎಂಬ ಮಾತೂ ಬರುತ್ತದೆ. ಆದರೆ 235 ಜನ ಅವರನ್ನು ಆರಿಸಿಲ್ಲ. ಇದು ಗೆದ್ದವರ ತಪ್ಪಲ್ಲ, ಕಾನೂನಿನಂತೆ ಅವರೇ ಸದಸ್ಯರು. ಅಪಾಯವಿರುವುದು ಬೇರೆ ಕಡೆ. 65 ಮತ ಎಂದರೆ ಸುಮಾರು ಇಪ್ಪತ್ತು ಮನೆ. ಇಪ್ಪತ್ತು ಮನೆಗಳನ್ನು ಯಾರು ಬೇಕಾದರೂ ಹೆಸರು ಹಿಡಿದು ನೆನಪಿಟ್ಟುಕೊಳ್ಳಬಹುದು. ಐದು ವರ್ಷವೂ ಆ ಮನೆಗಳನ್ನು ಸಂತೋಷಪಡಿಸಿದರೆ ಮತ್ತೆ ಗೆಲ್ಲಬಹುದು. ಬೀದಿದೀಪ ಆ ಮನೆಗಳ ಮುಂದೆ, ಚರಂಡಿ ಆ ಬೀದಿಯಲ್ಲಿ, ವಸತಿ ಫಲಾನುಭವಿಗಳ ಪಟ್ಟಿಯ ತುದಿಯಲ್ಲಿ ಅದೇ ಹೆಸರುಗಳು. ಚುನಾವಣೆಯಲ್ಲಿ ಹಣ ಹಂಚುವವರಿಗೂ ಇದೇ ಅನುಕೂಲ; ಬರುವವರು ಕಡಿಮೆಯಾದಷ್ಟೂ ಖರ್ಚು ಕಡಿಮೆ. ಅದೇ ವಾರ್ಡಿನಲ್ಲಿ 280 ಜನ ಬಂದರೆ ಗೆಲ್ಲಲು 65 ಸಾಲುವುದಿಲ್ಲ. ನೂರರ ಮೇಲೆ ಬೇಕು. ಅಷ್ಟು ಮನೆಗಳಲ್ಲಿ ಯಾರು ತನ್ನವರು, ಯಾರು ಅಲ್ಲ ಎಂಬ ಲೆಕ್ಕ ಕೈತಪ್ಪಿಹೋಗುತ್ತದೆ. ಲೆಕ್ಕ ಕೈತಪ್ಪಿದಾಗ ಎಲ್ಲರಿಗೂ ನಮಸ್ಕಾರ ಹೇಳುವುದು ಅನಿವಾರ್ಯವಾಗುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಪಂಚಾಯಿತಿಯೊಂದರಲ್ಲಿ ಮೂರು ಮತಗಳಿಂದ ಗೆದ್ದ ಒಬ್ಬ ಸದಸ್ಯೆಯಿದ್ದರು. ಏಳನೆಯ ತರಗತಿಯವರೆಗೆ ಓದಿದವರು. ಯಾವಾಗಲೂ ಒಂದು ರೂಲು ಪುಸ್ತಕವನ್ನು ಸೆರಗಿನ ಮರೆಯಲ್ಲಿ ಹಿಡಿದು ಬರುತ್ತಿದ್ದರು. ಪ್ರತಿ ಮನೆಗೂ ಅರ್ಧ ಪುಟ: ಒಬ್ಬರಿಗೆ ವಿಧವಾ ವೇತನ ನಿಂತಿದೆ, ಇನ್ನೊಬ್ಬರ ಜಾಬ್ ಕಾರ್ಡಿನಲ್ಲಿ ಹೆಸರು ತಪ್ಪಿದೆ, ಮತ್ತೊಂದು ಮನೆಯ ನಲ್ಲಿಗೆ ನೀರೇರುವುದಿಲ್ಲ. ಒಮ್ಮೆ ಸಭೆಗೆ ಮುಂಚೆ ಹಿರಿಯ ಸದಸ್ಯರೊಬ್ಬರು, ‘ಅಮ್ಮಾ, ಇದರಲ್ಲಿ ಅರ್ಧ ಮನೆಯವರು ನಿಮಗೆ ಓಟು ಹಾಕಿಲ್ಲ, ಅವರ ಉಸಾಬರಿ ನಿಮಗೇಕೆ?’ ಎಂದರು. ಆಕೆ ಹೇಳಿದ್ದು ಇಷ್ಟೇ: ‘ಅಣ್ಣಾ, ನನ್ನ ಗೆಲ್ಲಿಸಿದ ಆ ಮೂರು ಓಟು ಯಾವ ಮನೇದು ಅಂತ ನೀವೇ ಹೇಳಿಬಿಡಿ, ಆ ಮನೆ ಕೆಲಸ ಮಾತ್ರ ಮಾಡ್ತೀನಿ.’ ಸಭೆಯಲ್ಲಿ ಎಲ್ಲರೂ ನಕ್ಕರು. ನನಗಾದರೋ ರಹಸ್ಯ ಮತದಾನದ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದ ಪಠ್ಯ ಇನ್ನೂ ಸಿಕ್ಕಿಲ್ಲ. ಮತ ರಹಸ್ಯವಾಗಿರುವುದು ಮತದಾರರ ರಕ್ಷಣೆಗೆ ಎಂದು ನಾವು ತರಬೇತಿಗಳಲ್ಲಿ ಹೇಳುತ್ತೇವೆ. ಅದು ಗೆದ್ದವರನ್ನು ಅವರದೇ ಅಹಂಕಾರದಿಂದ ರಕ್ಷಿಸುವ ಸಾಧನವೂ ಹೌದು.

ಇದಕ್ಕೆ ತೀರ ವಿರುದ್ಧವಾದ ಸ್ಥಿತಿಯೂ ಉಂಟು. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಸಮಯದಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳು ಬಂದವು; ರಾಜ್ಯ ಚುನಾವಣಾ ಆಯೋಗವು ಕಠಿಣ ಕ್ರಮದ ಎಚ್ಚರಿಕೆ ನೀಡಿತು. ಹರಾಜಿನ ಹಣವನ್ನು ದೇವಸ್ಥಾನಕ್ಕೆ ಕೊಡುತ್ತೇವೆ, ಊರಲ್ಲಿ ಜಗಳ ಬೇಡ ಎಂಬುದು ಇದರ ಸಮರ್ಥನೆ. ಊರವರು ಮನಸಾರೆ ಒಪ್ಪಿ ಒಬ್ಬರನ್ನೇ ನಿಲ್ಲಿಸುವ ಅವಿರೋಧ ಆಯ್ಕೆಗೂ ಹರಾಜಿಗೂ ಅಂತರವಿದೆಯೆಂಬುದನ್ನು ಬಲ್ಲೆ. ಹರಾಜಿನಲ್ಲಿ ಮತದಾನದ ಪ್ರಮಾಣ ಸೊನ್ನೆ. ಆ ಸ್ಥಾನದಲ್ಲಿ ಕುಳಿತವರು ಯಾರಿಗೂ ಋಣಿಯಲ್ಲ. ಅವರು ಹಣ ಕೊಟ್ಟಾಗಿದೆ. ಅಂಥವರ ಬಳಿ ವೃದ್ಧರೊಬ್ಬರು ಪಿಂಚಣಿ ಅರ್ಜಿ ಹಿಡಿದು ಬಂದರೆ ಅವರು ಬಂದದ್ದು ಮತದಾರರಾಗಿ ಅಲ್ಲ, ಬೇಡುವವರಾಗಿ. ಮಹಿಳಾ ಮೀಸಲು ಸ್ಥಾನಗಳು ಹೀಗೆ ಮಾರಾಟವಾದಲ್ಲಿ ಕುರ್ಚಿಯಲ್ಲಿ ಕೂರುವವರು ಯಾರೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ‘ಅಧ್ಯಕ್ಷರ ಯಜಮಾನರು’ ಎಂಬ ಹುದ್ದೆ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಎಲ್ಲಿಯೂ ಇಲ್ಲ.

ವಿನಯದ ಪಾಠ ಚುನಾಯಿತರಿಗೆ ಮಾತ್ರ ಸಾಲದು, ಅಧಿಕಾರಿಗಳಾದ ನಮಗೂ ಬೇಕು. 2024ರ ಏಪ್ರಿಲ್ 26ರಂದು ನಮ್ಮ ಜಿಲ್ಲೆಯ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ನಡೆದ ಘಟನೆ ತಮಗೆ ತಿಳಿದಿದೆ. ರಸ್ತೆ, ಕುಡಿಯುವ ನೀರು ಮೊದಲಾದ ಸೌಲಭ್ಯಗಳಿಲ್ಲವೆಂದು ಗ್ರಾಮಸ್ಥರು ಮತದಾನ ಬಹಿಷ್ಕರಿಸಿದರು. ಗಲಭೆಯಾಗಿ ಮತಯಂತ್ರ ಹಾಳಾಯಿತು. 29ರಂದು ಮರುಮತದಾನ ನಡೆಯಿತು. ಆಗಲೂ ಬಹುಪಾಲು ಮತದಾರರು ಬರಲಿಲ್ಲ. ಹಿಂಸೆಯನ್ನು ಯಾರೂ ಸಮರ್ಥಿಸುವುದಿಲ್ಲ. ಆದರೆ ಕಾಡಂಚಿನ ಊರಿನವರು ನಮ್ಮ ಯಂತ್ರವನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ಕಂಡದ್ದು ಚುನಾವಣೆಯ ದಿನ ಮಾತ್ರವೆಂದಾದರೆ, ಅವರ ಸಿಟ್ಟು ಆ ಯಂತ್ರದ ಮೇಲೆ ತಿರುಗುವುದು ಆಶ್ಚರ್ಯವಲ್ಲ. ಬಹಿಷ್ಕಾರದ ಫಲಕ ಕಂಡೊಡನೆ ನಾವು ‘ಮನವೊಲಿಕೆ’ಗೆ ಹೊರಡುತ್ತೇವೆ. ಆ ಪದವೇ ನನಗೆ ಒಪ್ಪಿಗೆಯಾಗುವುದಿಲ್ಲ. ಒಲಿಸಬೇಕಾದ ಮನಸ್ಸು ಅವರದೋ ನಮ್ಮದೋ? ಅರಣ್ಯದೊಳಗಿನ ರಸ್ತೆಗೆ ಏಕೆ ಅನುಮತಿ ಸಿಕ್ಕಿಲ್ಲ, ಕಡತ ಯಾವ ಇಲಾಖೆಯಲ್ಲಿದೆ, ಅಲ್ಲಿಯವರೆಗೆ ನೀರಿಗೆ ಏನು ವ್ಯವಸ್ಥೆ ಎಂಬುದನ್ನು ಗ್ರಾಮ ಸಭೆಯಲ್ಲಿ ನಿಂತು ಹೇಳುವುದು ಕಷ್ಟದ ಕೆಲಸ. ಬೈಗುಳ ಕೇಳಬೇಕಾಗುತ್ತದೆ. ಚುನಾವಣೆಗೆ ಎರಡು ವರ್ಷ ಮುಂಚೆ ಆ ಬೈಗುಳ ಕೇಳಿಬಂದ ಅಧಿಕಾರಿಗೆ ಚುನಾವಣೆಯ ವಾರದಲ್ಲಿ ಮನವೊಲಿಸುವ ಅಗತ್ಯ ಬಹುಶಃ ಬೀಳುವುದಿಲ್ಲ.

ಬಹಿಷ್ಕಾರ ಹೂಡುವ ಬಂಧುಗಳಿಗೂ ಒಂದು ಮಾತು. ತಮ್ಮ ನೋವು ನ್ಯಾಯವಾದದ್ದು. ಆದರೆ ಮತ ಹಾಕದ ಊರನ್ನು ಓದುವ ರೀತಿಯನ್ನು ಮೇಲೆ ಹೇಳಿದೆ. ಊರಿಗೆ ಊರೇ ಬಂದು ‘ನೋಟಾ’ ಒತ್ತಿದರೆ ಅದು ಹಾಳೆಯಲ್ಲಿ ಉಳಿಯುತ್ತದೆ. ಬಾರದಿದ್ದರೆ ಒಂದು ದಿನದ ಸುದ್ದಿಯಾಗಿ ಮುಗಿಯುತ್ತದೆ.

ಅಧಿಕಾರದಲ್ಲಿದ್ದವರ ವಿನಯಕ್ಕೆ ಮಾದರಿ ಬೇಕೆಂದರೆ ನಾವು ದೂರ ಹುಡುಕಬೇಕಾಗಿಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರು 1983ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರದ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿದ್ದಕ್ಕೆ ಜನ ಅವರನ್ನು ‘ನೀರು ಸಾಬ್’ ಎಂದು ಕರೆದರು. ಆ ಬಿರುದನ್ನು ಯಾವ ಸಮಾರಂಭದಲ್ಲಿಯೂ ಶಾಲು ಹೊದಿಸಿ ಕೊಟ್ಟದ್ದಲ್ಲ. ನಮ್ಮ ಇಲಾಖೆಯವರು ಮೈಸೂರಿನ ತರಬೇತಿ ಸಂಸ್ಥೆಗೆ ಹೋದಾಗಲೆಲ್ಲ ಅವರ ಹೆಸರಿನ ಫಲಕದ ಕೆಳಗೇ ಒಳಹೋಗುತ್ತೇವೆ. ಆದರೆ ಅವರ ದೊಡ್ಡತನ ನನಗೆ ಕಾಣುವುದು ಬೇರೊಂದು ಕೆಲಸದಲ್ಲಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನನ್ನು ತಂದು, 1987ರ ಜನವರಿಯಲ್ಲಿ ಚುನಾವಣೆ ನಡೆಸಿ, ಸಚಿವಾಲಯದಲ್ಲಿದ್ದ ಅಧಿಕಾರವನ್ನು ಜಿಲ್ಲೆಗಳಿಗೆ ಇಳಿಸಿದ ಸರ್ಕಾರದಲ್ಲಿ ಆ ಇಲಾಖೆಯ ಸಚಿವರು ಅವರೇ. ಆ ಕಾನೂನಿನಲ್ಲಿ ಮಹಿಳೆಯರಿಗೆ ಶೇಕಡ 25 ಮೀಸಲಾತಿಯಿತ್ತು. ಸಂವಿಧಾನದ 73ನೆಯ ತಿದ್ದುಪಡಿ ಬರುವುದು ಆಮೇಲೆ. ತನ್ನ ಕೈಯಲ್ಲಿರುವ ಅಧಿಕಾರವನ್ನು ತಾನಾಗಿಯೇ ಇನ್ನೊಬ್ಬರ ಕೈಗಿಡುವುದಕ್ಕಿಂತ ಕಷ್ಟದ ವಿನಯ ರಾಜಕಾರಣದಲ್ಲಿ ಇನ್ನೊಂದಿದೆಯೆಂದು ನನಗೆ ಅನ್ನಿಸುವುದಿಲ್ಲ. ಕೈಮುಗಿಯುವುದು ಸುಲಭ, ಕಡತ ಬಿಟ್ಟುಕೊಡುವುದು ಸುಲಭವಲ್ಲ.

ವಿದ್ಯಾರ್ಥಿ ಮಿತ್ರರಿಗಾಗಿ ಇನ್ನೆರಡು ಸಂಗತಿಗಳು. ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರು, ಆ ಸಂವಿಧಾನದಡಿ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಸೋತರು. 1954ರ ಭಂಡಾರಾ ಉಪಚುನಾವಣೆಯಲ್ಲಿಯೂ ಸೋತರು. ಎಲ್ಲರಿಗೂ ಒಂದೇ ಮತವೆಂಬ ನಿಯಮ ಅದನ್ನು ಬರೆದವರಿಗೂ ರಿಯಾಯಿತಿ ತೋರಲಿಲ್ಲ. ಇನ್ನೊಂದು, ಅದೇ ಚುನಾವಣೆಯ ಪಟ್ಟಿ ತಯಾರಿಸುವಾಗಿನದು. ಉತ್ತರದ ಕೆಲವು ರಾಜ್ಯಗಳಲ್ಲಿ ಅನೇಕ ಮಹಿಳೆಯರು ತಮ್ಮ ಹೆಸರನ್ನು ಅಪರಿಚಿತರಿಗೆ ಹೇಳಲು ಒಪ್ಪದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಮತದಾರರಿಗೆ ಸ್ವಂತ ಹೆಸರು ಇರಲೇಬೇಕೆಂದು ಪಟ್ಟು ಹಿಡಿದರು. ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಆ ನಿರ್ಧಾರ ಆಗ ಕಠೋರವೆನಿಸಿತು. ಮುಂದಿನ ಚುನಾವಣೆಗಳಲ್ಲಿ ಅವರು ಸ್ವಂತ ಹೆಸರಿನಿಂದ ಪಟ್ಟಿಗೆ ಬರಲು ಅದೇ ದಾರಿ ಮಾಡಿತು. ಇಂದು ಇಲ್ಲಿ ಕುಳಿತಿರುವ ಸಂಘದ ತಾಯಂದಿರಲ್ಲಿ ಯಾರಾದರೂ ‘ಹೆಸರು ಯಾವುದಾದರೇನು’ ಎಂದು ತಪ್ಪಾದ ಗುರುತಿನ ಚೀಟಿಯನ್ನೇ ಇಟ್ಟುಕೊಂಡಿದ್ದರೆ ಈ ಸಂಗತಿಯನ್ನು ನೆನೆಯಬೇಕು.

ಈಗ ವ್ಯವಸ್ಥೆಯೇ ಮತದಾರರ ಬಾಗಿಲಿಗೆ ಬರುತ್ತಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ಮೀರಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತದಾನದ ಅವಕಾಶ ನಮ್ಮ ರಾಜ್ಯದಲ್ಲಿ ದೊರೆಯಿತು; 2024ರಲ್ಲಿ ಹಿರಿಯರ ವಯೋಮಿತಿ 85 ಆಯಿತು. 18 ತುಂಬಿದವರು ಮುಂದಿನ ಜನವರಿಗೆ ಕಾಯಬೇಕಾಗಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಾಂಕ ನಾಲ್ಕೂ ಅರ್ಹತಾ ದಿನಾಂಕಗಳೇ. ಬೆಂಗಳೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿ ನೆಲೆಸಿದವರು ನಮೂನೆ 8ರಲ್ಲಿ ವಿಳಾಸ ಬದಲಿಸಿಕೊಳ್ಳಬಹುದು. ನನ್ನ ಸಹಪಾಠಿಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇಬ್ಬರು ಮಾತ್ರ ಮಾಡಿಸಿಕೊಂಡಿದ್ದಾರೆ.

ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ನನ್ನದೊಂದು ವಿನಂತಿಯಿದೆ. ಮತದಾರರ ಪಟ್ಟಿಯ ನಿಮ್ಮ ವಾರ್ಡಿನ ಭಾಗವನ್ನು ಇಂದೇ ಪಡೆದು, ಮುಂದಿನ ವಾರ್ಡು ಸಭೆಗೆ ಮುಂಚೆ ಬಿ.ಎಲ್.ಒ. ಅವರೊಡನೆ ಒಮ್ಮೆ ಬೀದಿ ಸುತ್ತಿರಿ. ನಿಮಗೆ ಮತ ಹಾಕಿರಲಾರರೆಂದು ನೀವು ಭಾವಿಸಿರುವ ಮನೆಗಳಿಂದಲೇ ಆರಂಭಿಸಿರಿ. ಅಲ್ಲಿ ಹದಿನೆಂಟು ತುಂಬಿದ ಮಗಳಿದ್ದು ಹೆಸರು ಸೇರಿಲ್ಲದಿದ್ದರೆ ನಮೂನೆ 6ನ್ನು ನೀವೇ ಅವರ ಕೈಗೆ ಕೊಡಿರಿ. ಮುಂದೆ ಆಕೆ ಯಾರಿಗೆ ಮತ ಹಾಕುವರೋ ನಿಮಗೆ ತಿಳಿಯದು, ತಿಳಿಯಲೂಬಾರದು.

ಹೊರಗಿನ ವರಾಂಡದಲ್ಲಿ ಮೂರು ಮೇಜುಗಳನ್ನು ಹಾಕಿದೆ. ಹೊಸ ಸೇರ್ಪಡೆಗೆ ಮೊದಲನೆಯದು, ತಿದ್ದುಪಡಿ ಮತ್ತು ಸ್ಥಳಾಂತರಕ್ಕೆ ಎರಡನೆಯದು, ಮೃತರ ಹೆಸರು ತೆಗೆಸುವ ನಮೂನೆ 7ಕ್ಕೆ ಮೂರನೆಯದು. ಪೋಡುಗಳಿಂದ ಬಂದಿರುವ ಸೋಲಿಗ ಬಂಧುಗಳು ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಬೇಕಾಗಿದೆ. ಆದ್ದರಿಂದ ಅವರ ಅರ್ಜಿಗಳನ್ನು ಮೊದಲು ತೆಗೆದುಕೊಳ್ಳಲಾಗುವುದು. ಸದಸ್ಯರೂ ಅಧಿಕಾರಿಗಳೂ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕೆಂದು ಕೋರುತ್ತೇನೆ.